ಕೆಟ್ಟ ಬಿಯರ್ ಕಲಿಸಿದ ಪಾಠ

ಮನೆಯಲ್ಲಿ ಒಂದು ಬೆಳಿಗ್ಗೆ ಮೊಸರು ಲೋಳೆಯಾಗಿ ಎಳೆ ಎಳೆಯಾಗಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಅಮ್ಮ ಏನು ಮಾಡುತ್ತಾರೆ? ಆ ಮೊಸರನ್ನು ಸರಿಪಡಿಸಲು ಅವರು ಹೋಗುವುದೇ ಇಲ್ಲ. ಪಾತ್ರೆಯನ್ನು ಚೆನ್ನಾಗಿ ತಿಕ್ಕಿ, ಕುದಿಯುವ ನೀರು ಹೊಯ್ದು ತೊಳೆಯುತ್ತಾರೆ. ಆಮೇಲೆ ನಿಮ್ಮ ಕೈಗೆ ಒಂದು ಬಟ್ಟಲು ಕೊಟ್ಟು, "ಪಕ್ಕದ ಮನೆಯಿಂದ ಸ್ವಲ್ಪ ಹೆಪ್ಪಿಗೆ ಮೊಸರು ಇಸ್ಕೊಂಡು ಬಾ" ಎಂದು ಅಟ್ಟುತ್ತಾರೆ. ಮಾರನೆಯ ದಿನ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ತಪ್ಪು ಸರಿಹೋಯಿತು. ಆದರೆ ತಪ್ಪು ಏನಾಗಿತ್ತು? ಅದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಯೂರೋಪಿನ ಮನೆಗಳಲ್ಲಿ ಬಿಯರ್ ತಯಾರಿಸುತ್ತಿದ್ದವರೂ ನೂರಾರು ವರ್ಷ ಮಾಡಿದ್ದು ಇದನ್ನೇ. ದೊಡ್ಡ ಕಾರ್ಖಾನೆಗಳು ಬರುವ ಮೊದಲು ಅಲ್ಲಿ ಬಿಯರ್ ಎನ್ನುವುದು ಬ್ರೆಡ್ಡಿನಂತೆಯೇ ಮನೆಯ ಅಡುಗೆಯ ಒಂದು ಭಾಗವಾಗಿತ್ತು. ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಒಮ್ಮೆ ಕೆಟ್ಟರೆ ಚೆಲ್ಲುವುದು, ನೆರೆಯವರಿಂದ ಹೊಸ ಯೀಸ್ಟ್ ತರುವುದು, ಮತ್ತೆ ಶುರುಮಾಡುವುದು. ಈ ಕುರುಡು ಪರಿಹಾರದಿಂದ ಕಾರಣ ತಿಳಿದ ಪರಿಹಾರದ ಕಡೆಗೆ ಮನುಷ್ಯ ಹೇಗೆ ನಡೆದ ಎಂಬುದು ವಿಜ್ಞಾನದ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯ. ಮದ್ಯದ ಗುಣಗಾನ ಈ ಲೇಖನದ ಉದ್ದೇಶವಲ್ಲ. ತಪ್ಪನ್ನು ಗುರುತಿಸುವುದು, ಅದರಿಂದ ಚೇತರಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಕಥೆ ಕಲಿಸುವಷ್ಟು ಚೆನ್ನಾಗಿ ಬೇರೆ ಕಥೆಗಳು ಕಲಿಸಲಾರವು ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡಿದ್ದೇನೆ.

ಎಲ್ಲಿ ತಪ್ಪಬಹುದು?

ಮೊದಲು ಬಿಯರ್ ತಯಾರಾಗುವ ಬಗೆಯನ್ನು ನೋಡೋಣ. ಬಾರ್ಲಿ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಇದೇ ಮಾಲ್ಟ್. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ನಮಗೆ ಇದು ಹೊಸತಲ್ಲ. ಮೊಳಕೆಯೊಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಮಾಲ್ಟನ್ನು ಒಡೆದು ಸುಮಾರು 65° ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಈ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಬಸಿದ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು. ಅದಕ್ಕೆ ಕಹಿ ರುಚಿಯ ಹಾಪ್ಸ್ ಹೂಗಳನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಬದಲಾಯಿಸುತ್ತದೆ. 180 ಗ್ರಾಂ ಗ್ಲೂಕೋಸ್‌ನಿಂದ, ಲೆಕ್ಕದ ಪ್ರಕಾರ, 92 ಗ್ರಾಂ ಆಲ್ಕೊಹಾಲ್ ಮತ್ತು 88 ಗ್ರಾಂ ಇಂಗಾಲದ ಡೈಆಕ್ಸೈಡ್ ಬರಬೇಕು.

ಈ ಹಾದಿಯಲ್ಲಿ ಕುದಿಸುವ ಹಂತ ಒಂದು ಗಡಿರೇಖೆ ಇದ್ದಂತೆ. ಅದಕ್ಕೆ ಮೊದಲು ಆಗುವ ತಪ್ಪುಗಳು ಹೆಚ್ಚಾಗಿ ಉಷ್ಣತೆಗೆ ಸಂಬಂಧಿಸಿದವು. ನೀರು 80 ಡಿಗ್ರಿಯಷ್ಟು ಬಿಸಿಯಾಗಿದ್ದರೆ ಕಿಣ್ವಗಳು ಹಾಳಾಗುತ್ತವೆ. ಪಿಷ್ಟ ಪಿಷ್ಟವಾಗಿಯೇ ಉಳಿಯುತ್ತದೆ. ಕುದಿಸಿದ ನಂತರದ ತಪ್ಪುಗಳೇ ಬೇರೆ. ರಸ ಆರುವ ಮೊದಲೇ ಯೀಸ್ಟ್ ಹಾಕಿದರೆ ಅದು ಸಾಯುತ್ತದೆ. ತೀರಾ ತಣ್ಣಗಿದ್ದರೆ ಮಂಕಾಗಿ ಕುಳಿತುಬಿಡುತ್ತದೆ. ಇನ್ನು ಆರುತ್ತಿರುವ ಸಿಹಿ ರಸವೋ ಗಾಳಿಯಲ್ಲಿರುವ, ಪಾತ್ರೆಗೆ ಅಂಟಿರುವ ಎಲ್ಲ ಸೂಕ್ಷ್ಮಜೀವಿಗಳಿಗೂ ಔತಣದ ಕರೆಯೋಲೆ!

ಸೂಕ್ಷ್ಮಜೀವಿಗಳ ವಿಚಾರ ತಿಳಿಯದ ಕಾಲದಲ್ಲಿ ಜನ ಅನುಭವದಿಂದಲೇ ನಿಯಮ ಮಾಡಿಕೊಂಡಿದ್ದರು. ಜರ್ಮನಿಯ ಬವೇರಿಯದಲ್ಲಿ 1516ರಲ್ಲಿ ಹೊರಡಿಸಿದ ಪ್ರಸಿದ್ಧ ಆಜ್ಞೆಯ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಈ ಮೂರನ್ನು ಮಾತ್ರ ಬಳಸಬೇಕಿತ್ತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ! ಅದೇ ಬವೇರಿಯದಲ್ಲಿ 1553ರಲ್ಲಿ ಇನ್ನೊಂದು ಆಜ್ಞೆ ಬಂತು: ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸಕೂಡದು. ಬೇಸಿಗೆಯಲ್ಲಿ ಮಾಡಿದ ಬಿಯರ್ ಬೇಗ ಕೆಡುತ್ತಿತ್ತು. ಕಾರಣ ತಿಳಿಯದಿದ್ದರೂ ತಪ್ಪು ಯಾವಾಗ ಹೆಚ್ಚು ಎಂಬುದು ತಿಳಿದಿತ್ತು. ಆದ್ದರಿಂದ ಆ ಕಾಲವನ್ನೇ ತಪ್ಪಿಸಿದರು.

ಅಳತೆ ಬಂತು, ಕಾರಣ ಬರಲಿಲ್ಲ

ತಪ್ಪನ್ನು ಹಿಡಿಯುವ ಮೊದಲ ಉಪಕರಣಗಳನ್ನು ಕೊಟ್ಟದ್ದು ನನ್ನ ವಿಷಯವಾದ ಭೌತವಿಜ್ಞಾನ ಎಂಬುದು ನನಗೆ ಸಂತೋಷದ ಸಂಗತಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಯರ್ ತಯಾರಕರು ನೀರಿನ ಬಿಸಿಯನ್ನು ಕೈ ಅದ್ದಿ ನೋಡುತ್ತಿದ್ದರು. ಮೈಕೇಲ್ ಕಾಂಬ್ರೂನ್ ಎಂಬಾತ 1762ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಉಷ್ಣಮಾಪಕ ಬಳಸಿರೆಂದು ಒತ್ತಿಹೇಳಿದ. ಜೇಮ್ಸ್ ಬೇವರ್‌ಸ್ಟಾಕ್ ಎಂಬ ತರುಣ ವರ್ಟಿನ ಸಾಂದ್ರತೆಯನ್ನು ದ್ರವಮಾಪಕದಿಂದ ಅಳೆಯತೊಡಗಿದ. ಇದನ್ನು ಲಂಡನ್ನಿನ ದೊಡ್ಡ ತಯಾರಕ ಸ್ಯಾಮ್ಯುಯೆಲ್ ವಿಟ್‌ಬ್ರೆಡ್‌ನ ಬಳಿ ಕೊಂಡೊಯ್ದಾಗ ಆತ ಇದೆಲ್ಲ ಕನಸಿನ ಮಾತೆಂದು ತಳ್ಳಿಹಾಕಿದ. ಈ ವಿಟ್‌ಬ್ರೆಡ್ ಎಂಬ ಹೆಸರನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ. ಆದರೂ ಹೊಸ ವಿಧಾನ ನಿಲ್ಲಲಿಲ್ಲ. 1784ರಲ್ಲಿ ಜಾನ್ ರಿಚರ್ಡ್‌ಸನ್ ವರ್ಟಿನ ಸತ್ತ್ವವನ್ನು ಅಳೆಯುವ ಮಾಪಕವನ್ನು ವಿವರಿಸಿ ಪುಸ್ತಕ ಬರೆದ.

ದ್ರವಮಾಪಕ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೂ ಇದೆ. ನೀರಿನಲ್ಲಿ ಸಕ್ಕರೆ ಕರಗಿದಷ್ಟೂ ಸಾಂದ್ರತೆ ಹೆಚ್ಚುತ್ತದೆ, ಮಾಪಕ ಮೇಲೇಳುತ್ತದೆ. ವರ್ಟಿನ ಸಾಪೇಕ್ಷ ಸಾಂದ್ರತೆ 1.050 ಇದ್ದು, ಹುದುಗಿದ ನಂತರ 1.010ಕ್ಕೆ ಇಳಿದರೆ ಸಕ್ಕರೆಯ ಬಹುಭಾಗ ಖರ್ಚಾಗಿದೆ ಎಂದರ್ಥ; ಆಲ್ಕೊಹಾಲ್ ಸುಮಾರು ಶೇಕಡ 5 ಇರುತ್ತದೆ. 1.030ಕ್ಕೆ ಇಳಿದು ದಿನಗಟ್ಟಲೆ ಅಲ್ಲೇ ನಿಂತಿದ್ದರೆ ಏನೋ ತಪ್ಪಾಗಿದೆ.

ಇಲ್ಲೊಂದು ಸ್ವಂತ ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಸಕ್ಕರೆ ದ್ರಾವಣಗಳ ಸಾಂದ್ರತೆ ಅಳೆದು ನಕ್ಷೆ ಬರೆದ. ಎಲ್ಲ ಬಿಂದುಗಳೂ ಒಂದು ರೇಖೆಯ ಮೇಲೆ ಕುಳಿತವು; ಒಂದು ಮಾತ್ರ ಕೆಳಗೆ ಬಿತ್ತು. ಅವನು ರಬ್ಬರ್ ತೆಗೆದುಕೊಂಡ. ನಾನು ತಡೆದು, ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಏನು ಮಾಡಿದೆಯೆಂದು ಬರೆ ಎಂದೆ. ಬರೆಯುತ್ತಾ ಹೋದಾಗ ಅವನಿಗೇ ಹೊಳೆಯಿತು: ಸಕ್ಕರೆ ಬೇಗ ಕರಗಲೆಂದು ಆ ಒಂದು ದ್ರಾವಣವನ್ನು ಬಿಸಿಮಾಡಿ, ಆರಿಸದೆಯೇ ಅಳೆದಿದ್ದ. ನೀರಿನ ಸಾಂದ್ರತೆ 20 ಡಿಗ್ರಿಯಲ್ಲಿ 0.998 ಇದ್ದರೆ 50 ಡಿಗ್ರಿಯಲ್ಲಿ 0.988. ವ್ಯತ್ಯಾಸ 0.010. ಅವನ ಬಿಂದು ಕೆಳಗೆ ಬಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಬಿಸಿ ವರ್ಟನ್ನು ಅಳೆದು ಗಾಬರಿಯಾಗುವ ಹೊಸಬರು ಮಾಡುವ ತಪ್ಪೂ ಇದೇ. ಅಲ್ಲಿ ಬಿಯರಿನಲ್ಲಿ ದೋಷವಿಲ್ಲ, ದೋಷವಿರುವುದು ಅಳತೆಯಲ್ಲಿ.

ಹೀಗೆ ಉಷ್ಣಮಾಪಕ, ದ್ರವಮಾಪಕಗಳು ತಪ್ಪಾಗಿದೆ ಎಂದು ಹೇಳಬಲ್ಲವಾಗಿದ್ದವು. ಬಿಯರ್ ಹುಳಿಯಾದದ್ದು ಏಕೆ ಎಂದು ಕೇಳಿದರೆ ಅವು ಮೌನ ವಹಿಸುತ್ತಿದ್ದವು.

ಯೀಸ್ಟ್ ಜೀವಿಯೇ, ಅಲ್ಲವೇ?

ಹಾಲೆಂಡಿನ ಲ್ಯೂವೆನ್‌ಹುಕ್ 1680ರಲ್ಲೇ ತನ್ನ ಸೂಕ್ಷ್ಮದರ್ಶಕದ ಕೆಳಗೆ ಬಿಯರಿನ ಯೀಸ್ಟನ್ನು ಇಟ್ಟು ಪುಟ್ಟ ಗೋಲಿಗಳನ್ನು ಕಂಡಿದ್ದ. ಅವು ಜೀವಿಗಳೆಂದು ಅವನಿಗೆ ತೋರಲಿಲ್ಲ. 1789ರಲ್ಲಿ ಲವಾಸಿಯೆ ಸಕ್ಕರೆಯಿಂದ ಆಲ್ಕೊಹಾಲ್ ಬರುವುದನ್ನು ತೂಕದ ಲೆಕ್ಕವಾಗಿ ಬರೆದು ಅದನ್ನು ಶುದ್ಧ ರಸಾಯನ ಕ್ರಿಯೆಯಂತೆ ಕಂಡ. 1837ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯುಟ್ಸಿಂಗ್ ಮೂವರೂ ಸ್ವತಂತ್ರವಾಗಿ ಒಂದೇ ತೀರ್ಮಾನಕ್ಕೆ ಬಂದರು: ಯೀಸ್ಟ್ ಜೀವವಿರುವ ವಸ್ತು, ಅದು ಮೊಗ್ಗೊಡೆದು ಬೆಳೆಯುತ್ತದೆ.

ಆ ಕಾಲದ ರಸಾಯನವಿಜ್ಞಾನದ ದಿಗ್ಗಜರಾದ ಲೀಬಿಗ್ ಮತ್ತು ವೋಲರ್ ಇದನ್ನು ಒಪ್ಪಲಿಲ್ಲ. ಒಪ್ಪದಿರುವುದು ಮಾತ್ರವಲ್ಲ, 1839ರಲ್ಲಿ ತಮ್ಮ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಅಣಕುಬರಹವನ್ನೂ ಪ್ರಕಟಿಸಿದರು. ಯೀಸ್ಟ್ ಎಂಬ ಪ್ರಾಣಿ ಸಕ್ಕರೆ ತಿಂದು ಒಂದು ಕಡೆಯಿಂದ ಆಲ್ಕೊಹಾಲನ್ನೂ ಇನ್ನೊಂದು ಕಡೆಯಿಂದ ಅನಿಲವನ್ನೂ ಹೊರಹಾಕುತ್ತದೆ ಎಂದು ಅದರಲ್ಲಿ ಗೇಲಿ ಮಾಡಿದ್ದರು. ಲೀಬಿಗ್‌ನ ಮತದಲ್ಲಿ ಯೀಸ್ಟ್ ಕೊಳೆಯುತ್ತಿರುವ ವಸ್ತು. ಅದರ ಅಣುಗಳ ಕಂಪನ ಸಕ್ಕರೆಗೆ ತಗುಲಿ ಸಕ್ಕರೆ ಒಡೆಯುತ್ತದೆ. ಈ ವಾದ ಪಂಡಿತರದು ಮಾತ್ರ ಎಂದು ಭಾವಿಸಬೇಡಿ. ಯೀಸ್ಟ್ ಕೊಳೆಯುವ ವಸ್ತುವಾದರೆ ಬಿಯರ್ ಕೆಡುವುದೂ ಅದೇ ಕೊಳೆಯುವಿಕೆಯ ಮುಂದುವರಿದ ಭಾಗ. ಅದನ್ನು ತಡೆಯಲು ದಾರಿಯಿಲ್ಲ. ಯೀಸ್ಟ್ ಜೀವಿಯಾದರೆ ಬಿಯರ್ ಕೆಡಲು ಇನ್ನೊಂದು ಜೀವಿ ಕಾರಣವಿರಬಹುದು. ಅದನ್ನು ಹುಡುಕಬಹುದು, ಹೊರಗಿಡಬಹುದು.

ಪಾಶ್ಚರ್ ಕಂಡ ಎರಡನೆಯ ಜೀವಿ

1854ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ಲಿಲ್ ನಗರದ ವಿಜ್ಞಾನ ವಿಭಾಗಕ್ಕೆ ಡೀನ್ ಆಗಿ ಬಂದ. 1856ರಲ್ಲಿ ಬೀಗೋ ಎಂಬ ಉದ್ಯಮಿ ಸಹಾಯ ಕೇಳಿಕೊಂಡು ಬಂದ. ಅವನ ಮಗ ಪಾಶ್ಚರನ ವಿದ್ಯಾರ್ಥಿ. ಬೀಗೋ ಬೀಟ್‌ರೂಟ್ ರಸವನ್ನು ಹುದುಗಿಸಿ ಆಲ್ಕೊಹಾಲ್ ತಯಾರಿಸುತ್ತಿದ್ದ. ಕೆಲವು ತೊಟ್ಟಿಗಳಲ್ಲಿ ಆಲ್ಕೊಹಾಲ್ ಬರುವ ಬದಲು ರಸ ಹುಳಿಯಾಗಿ ನಷ್ಟವಾಗುತ್ತಿತ್ತು. ಪಾಶ್ಚರ್ ಒಳ್ಳೆಯ ತೊಟ್ಟಿಯ ರಸವನ್ನೂ ಕೆಟ್ಟ ತೊಟ್ಟಿಯ ರಸವನ್ನೂ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದ. ಹುದುಗು ಚೆನ್ನಾಗಿದ್ದಾಗ ಗುಂಡಗಿನ ಗೋಲಿಗಳು. ಹಾಳಾದಾಗ ಉದ್ದನೆಯ ಆಕಾರಗಳು. ಮುಂದಿನ ವರ್ಷ, 1857ರಲ್ಲಿ, ಲ್ಯಾಕ್ಟಿಕ್ ಆಮ್ಲದ ಹುದುಗುವಿಕೆಗೆ ಪ್ರತ್ಯೇಕವಾದ, ಯೀಸ್ಟಿಗಿಂತ ಬಹಳ ಚಿಕ್ಕದಾದ ಜೀವಿ ಕಾರಣವೆಂದು ಸಾರಿದ. ನಮ್ಮ ಹಾಲನ್ನು ಹೆಪ್ಪುಗಟ್ಟಿಸುವುದೂ ಇದೇ ಬಳಗದ ಬ್ಯಾಕ್ಟೀರಿಯಗಳು. ಮೊಸರಿಗೆ ಬೇಕಾದ ಜೀವಿ ಮದ್ಯಸಾರದ ತೊಟ್ಟಿಗೆ ಬೇಡವಾದ ಜೀವಿ!

ಪಾಶ್ಚರ್ ವೈನ್ ಕೆಡುವುದನ್ನು ಅಧ್ಯಯನ ಮಾಡಿ, ಅದನ್ನು 50ರಿಂದ 60 ಡಿಗ್ರಿಗೆ ಸ್ವಲ್ಪ ಹೊತ್ತು ಕಾಯಿಸಿದರೆ ಕೆಡುವುದಿಲ್ಲವೆಂದು ತೋರಿಸಿದ. ಇಂದು ಹಾಲಿನ ಪ್ಯಾಕೆಟ್ಟಿನ ಮೇಲೆ ನೀವು ಓದುವ ಪಾಶ್ಚರೀಕರಣ ಎಂಬ ಪದ ಹುಟ್ಟಿದ್ದು ಹೀಗೆ. 1870–71ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಆ ನೋವಿನಲ್ಲಿ ಪಾಶ್ಚರ್ ಬಿಯರಿನ ಕಡೆ ತಿರುಗಿದ. ಜರ್ಮನ್ನರದೇ ಮೇಲುಗೈಯಾಗಿದ್ದ ಈ ಉದ್ಯಮದಲ್ಲಿ ಫ್ರಾನ್ಸನ್ನು ಮುಂದೆ ತರಬೇಕೆಂಬುದು ಅವನ ಹಟ.

1871ರ ಸೆಪ್ಟೆಂಬರಿನಲ್ಲಿ ಆತ ಲಂಡನ್ನಿನ ಒಂದು ದೊಡ್ಡ ಕಾರ್ಖಾನೆಗೆ ಹೋದ. ಅದು ವಿಟ್‌ಬ್ರೆಡ್ ಕಾರ್ಖಾನೆ. ನೂರು ವರ್ಷದ ಹಿಂದೆ ದ್ರವಮಾಪಕವನ್ನು ತಳ್ಳಿಹಾಕಿದ ಅದೇ ಮನೆತನ. ಅಲ್ಲಿ ಕಪ್ಪು ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರಲ್ಲಿ ಬೇರೆ ಜೀವಿಗಳು ಸೇರಿವೆ, ಇದರಿಂದ ಮಾಡಿದ ಬಿಯರ್ ಚೆನ್ನಾಗಿರಲಾರದು ಎಂದ. ವ್ಯವಸ್ಥಾಪಕರು ಬೆರಗಾದರು. ಯೀಸ್ಟ್ ಸರಿಯಿಲ್ಲವೆಂಬ ಅನುಮಾನದಿಂದ ಅವರು ಅದೇ ದಿನ ಬೇರೊಂದು ಕಾರ್ಖಾನೆಯಿಂದ ಹೊಸ ಯೀಸ್ಟ್ ತರಿಸಿಕೊಂಡಿದ್ದರು! ಪಾಶ್ಚರ್ ಅದನ್ನೂ ನೋಡಿ, ಇದು ಬಹಳ ಶುದ್ಧವಾಗಿದೆ ಎಂದ. ಪಕ್ಕದ ಮನೆಯ ಹೆಪ್ಪಿನ ಗುಟ್ಟು ಮೊದಲ ಬಾರಿಗೆ ಕಣ್ಣಿಗೆ ಕಂಡಿತ್ತು. ಒಂದು ವಾರದ ನಂತರ ಪಾಶ್ಚರ್ ಮತ್ತೆ ಹೋದಾಗ ಕಾರ್ಖಾನೆಯವರು ಸ್ವಂತ ಸೂಕ್ಷ್ಮದರ್ಶಕ ಕೊಂಡಿದ್ದರು.

1876ರಲ್ಲಿ ಪಾಶ್ಚರನ ಬಿಯರ್ ಕುರಿತ ಗ್ರಂಥ ಹೊರಬಂತು. ಬಿಯರಿನ ಪ್ರತಿಯೊಂದು ಕಾಯಿಲೆಗೂ ಒಂದು ಹೊರಗಿನ ಜೀವಿ ಕಾರಣ ಎಂಬುದು ಅದರ ತಿರುಳು. ಕೆಟ್ಟ ಯೀಸ್ಟನ್ನು ಶುದ್ಧಗೊಳಿಸಲು ಆತ ಉಪಾಯವನ್ನೂ ಹೇಳಿದ. ಸಕ್ಕರೆ ದ್ರಾವಣಕ್ಕೆ ಸ್ವಲ್ಪ ಟಾರ್ಟಾರಿಕ್ ಆಮ್ಲವನ್ನೂ ಸ್ವಲ್ಪ ಆಲ್ಕೊಹಾಲನ್ನೂ ಸೇರಿಸಿ ಅದರಲ್ಲಿ ಯೀಸ್ಟ್ ಬೆಳೆಸಿದರೆ ಬ್ಯಾಕ್ಟೀರಿಯಗಳು ಅಡಗುತ್ತವೆ, ಯೀಸ್ಟ್ ಉಳಿಯುತ್ತದೆ. ಕುರುಡು ಪರಿಹಾರದ ಕಾಲ ಮುಗಿಯಿತು ಎನ್ನಬಹುದಿತ್ತು. ಆದರೆ ಈ ಪರಿಹಾರದೊಳಗೇ ಒಂದು ತಪ್ಪು ಅಡಗಿ ಕುಳಿತಿತ್ತು.

ಕಾರ್ಲ್ಸ್‌ಬರ್ಗ್‌ನ ಸಂಕಟ

ಡೆನ್ಮಾರ್ಕಿನ ಯಾಕೋಬ್ ಕ್ರಿಸ್ಟಿಯನ್ ಯಾಕೋಬ್ಸೆನ್ 1845ರಲ್ಲಿ ಮ್ಯೂನಿಕ್‌ನ ಸ್ಪಾಟನ್ ಕಾರ್ಖಾನೆಯಿಂದ ತಣ್ಣನೆಯ ಉಷ್ಣತೆಯಲ್ಲಿ ಕೆಲಸ ಮಾಡುವ ಯೀಸ್ಟನ್ನು ಕೋಪನ್‌ಹೇಗನ್ನಿಗೆ ತಂದ. ದೀರ್ಘ ಪ್ರಯಾಣದಲ್ಲಿ ಅದು ಸಾಯದಂತೆ, ಬಂಡಿ ನಿಂತಲ್ಲೆಲ್ಲ ಡಬ್ಬಿಯ ಮೇಲೆ ತಣ್ಣೀರು ಸುರಿಯುತ್ತಿದ್ದನೆಂದು ಹೇಳುತ್ತಾರೆ. 1847ರಲ್ಲಿ ಊರ ಹೊರಗಿನ ಗುಡ್ಡದ ಮೇಲೆ ಕಾರ್ಖಾನೆ ಕಟ್ಟಿ, ಮಗ ಕಾರ್ಲ್‌ನ ಹೆಸರು ಸೇರಿಸಿ ಅದಕ್ಕೆ ಕಾರ್ಲ್ಸ್‌ಬರ್ಗ್ ಎಂದು ಹೆಸರಿಟ್ಟ. 1875ರಲ್ಲಿ ಅದಕ್ಕೊಂದು ಸಂಶೋಧನಾಲಯವನ್ನು ಜೋಡಿಸಿದ. ಅಲ್ಲಿನ ಸಂಶೋಧನೆಯ ಫಲಗಳನ್ನು ಗುಟ್ಟಾಗಿಡದೆ ಪ್ರಕಟಿಸಬೇಕೆಂಬುದು ಅವನ ನಿಯಮ.

ಈ ಸಂಶೋಧನಾಲಯಕ್ಕೆ ಬಂದವನು ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸೆನ್. 1842ರಲ್ಲಿ ರೀಬೆ ಎಂಬ ಊರಿನ ಬಡ ಮನೆಯಲ್ಲಿ ಹುಟ್ಟಿದವನು. ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿ, ಪಾಠ ಹೇಳಿ, ಕಥೆ ಬರೆದು, ಆ ಸಂಪಾದನೆಯಿಂದ ಓದಿದವನು. ಸಗಣಿಯ ಮೇಲೆ ಬೆಳೆಯುವ ಶಿಲೀಂಧ್ರಗಳ ಮೇಲೆ ಬರೆದ ಪ್ರಬಂಧಕ್ಕೆ 1876ರಲ್ಲಿ ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದಿದ್ದ. 1879ರಲ್ಲಿ ಕಾರ್ಲ್ಸ್‌ಬರ್ಗ್ ಸಂಶೋಧನಾಲಯದ ಜೀವಕ್ರಿಯಾ ವಿಭಾಗದ ಮುಖ್ಯಸ್ಥನಾದ.

1883ರಲ್ಲಿ ಯಾಕೋಬ್ಸೆನ್‌ನ ಕಾರ್ಖಾನೆಯ ಬಿಯರಿಗೇ ಕಾಯಿಲೆ ತಗುಲಿತು. ಕೆಟ್ಟ ಕಹಿ, ಕೆಟ್ಟ ವಾಸನೆ. ಯಾಕೋಬ್ಸೆನ್ ಪಾಶ್ಚರನ ಭಕ್ತ. ಬ್ಯಾಕ್ಟೀರಿಯ ಸೇರದಂತೆ ಎಚ್ಚರ ವಹಿಸಿದರೆ ಸಾಕೆಂದು ನಂಬಿದವನು. ಹ್ಯಾನ್ಸೆನ್ ಹೇಳಿದ್ದು ಬೇರೆಯೇ. ಅಪರಾಧಿ ಬ್ಯಾಕ್ಟೀರಿಯ ಅಲ್ಲ, ಯೀಸ್ಟೇ! ಯೀಸ್ಟ್ ಎಂದು ನಾವು ಕರೆಯುವುದು ಒಂದು ಜೀವಿಯಲ್ಲ. ಅದರಲ್ಲಿ ಒಳ್ಳೆಯವೂ ಇವೆ, ನೋಡಲು ಒಳ್ಳೆಯವುಗಳಂತೆಯೇ ಇರುವ ಕಾಡು ಯೀಸ್ಟ್‌ಗಳೂ ಇವೆ. ಸೂಕ್ಷ್ಮದರ್ಶಕದಲ್ಲಿ ಬರಿದೇ ನೋಡಿದರೆ ಅವುಗಳ ಭೇದ ತಿಳಿಯದು. ಪಾಶ್ಚರನ ಆಮ್ಲದ ಉಪಚಾರವೋ ಬ್ಯಾಕ್ಟೀರಿಯಗಳನ್ನು ಅಡಗಿಸುತ್ತದೆ ನಿಜ. ಆದರೆ ಕಾಡು ಯೀಸ್ಟಿಗೆ ಅದು ಅನುಕೂಲವೇ ಆಗುತ್ತದೆ. ಅಂದರೆ ತಪ್ಪನ್ನು ತಿದ್ದಲು ಕೊಟ್ಟ ಔಷಧವೇ ಇನ್ನೊಂದು ತಪ್ಪನ್ನು ಸಾಕುತ್ತಿತ್ತು.

ಒಬ್ಬ ಉದ್ಯೋಗಿ ತನ್ನ ಯಜಮಾನನಿಗೆ, ನೀವು ನಂಬಿದ ಮಹಾವಿಜ್ಞಾನಿಯ ಉಪಾಯ ಸಾಲದು ಎಂದು ಹೇಳುವುದು ಸುಲಭವಲ್ಲ. ಯಾಕೋಬ್ಸೆನ್ ಕೂಡಲೇ ಒಪ್ಪಲಿಲ್ಲ. ಹ್ಯಾನ್ಸೆನ್ ವಾದ ಮಾಡುವ ಬದಲು ಪ್ರಯೋಗ ಮಾಡಿದ. ಕಾರ್ಖಾನೆಯ ಯೀಸ್ಟಿನಿಂದ ಬೇರೆ ಬೇರೆ ಬಗೆಗಳನ್ನು ಪ್ರತ್ಯೇಕಿಸಿದ. ಒಂದೊಂದರಿಂದಲೂ ಬಿಯರ್ ಮಾಡಿ ನೋಡಿದ. ಒಂದು ಬಗೆ ಮಾತ್ರ ಕಾರ್ಲ್ಸ್‌ಬರ್ಗಿನ ಒಳ್ಳೆಯ ಬಿಯರನ್ನು ಕೊಟ್ಟಿತು. ಒಳ್ಳೆಯ ಯೀಸ್ಟಿಗೆ ಕಾಡು ಯೀಸ್ಟನ್ನು ಬೇಕೆಂದೇ ಬೆರೆಸಿದಾಗ ಕಾಯಿಲೆ ಮತ್ತೆ ಬಂತು. ತಪ್ಪನ್ನು ಮತ್ತೆ ಬೇಕೆಂದಾಗ ಮಾಡಿ ತೋರಿಸಬಲ್ಲೆವಾದರೆ ಕಾರಣ ಸಿಕ್ಕಿತು ಎಂದು ಧೈರ್ಯವಾಗಿ ಹೇಳಬಹುದು.

ಒಂದೇ ಕೋಶವನ್ನು ಹಿಡಿಯುವುದು ಹೇಗೆ?

ಯೀಸ್ಟ್ ಕೋಶದ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಒಂದೇ ಒಂದನ್ನು ಹೆಕ್ಕುವುದು ಹೇಗೆ? ಹ್ಯಾನ್ಸೆನ್ ಬಳಸಿದ ಮೊದಲ ಉಪಾಯದಲ್ಲಿ ಚಿಮಟವಿಲ್ಲ, ಸೂಜಿಯಿಲ್ಲ, ಇರುವುದು ಗಣಿತ. ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಹತ್ತು ಕೋಶಗಳಿರುವ ಹನಿಯನ್ನು 20 ಮಿಲಿಲೀಟರ್ ಕ್ರಿಮಿರಹಿತ ನೀರಿಗೆ ಹಾಕಿ ಕಲಕಿದ್ದೇವೆ ಎಂದಿಟ್ಟುಕೊಳ್ಳಿ. ಅದನ್ನು ಒಂದೊಂದು ಮಿಲಿಲೀಟರಿನಂತೆ ವರ್ಟ್ ತುಂಬಿದ 20 ಕುಪ್ಪಿಗಳಿಗೆ ಹಂಚಿದರೆ ಒಂದು ಕುಪ್ಪಿಗೆ ಸರಾಸರಿ ಅರ್ಧ ಕೋಶ ಬರುತ್ತದೆ. ಅರ್ಧ ಕೋಶವೆಂಬುದಿಲ್ಲ; ಆದ್ದರಿಂದ ಕೆಲವಕ್ಕೆ ಒಂದು ಬೀಳುತ್ತದೆ, ಹೆಚ್ಚಿನವಕ್ಕೆ ಒಂದೂ ಬೀಳುವುದಿಲ್ಲ.

ಸಂಭವನೀಯತೆಯ ಪಾಠದಲ್ಲಿ ಪ್ವಾಸೋನ್ ಹಂಚಿಕೆಯನ್ನು ಓದಿರುವ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು. ಸರಾಸರಿ 0.5 ಇದ್ದಾಗ 20ರಲ್ಲಿ ಸುಮಾರು 12 ಕುಪ್ಪಿ ಖಾಲಿ ಉಳಿಯುತ್ತವೆ, ಸುಮಾರು 6ರಲ್ಲಿ ಒಂದೇ ಕೋಶ, ಉಳಿದ ಎರಡರಲ್ಲಿ ಒಂದಕ್ಕಿಂತ ಹೆಚ್ಚು. ಹಾಗಾದರೆ ಒಂದು ಬಿದ್ದ ಕುಪ್ಪಿ ಯಾವುದು, ಎರಡು ಬಿದ್ದದ್ದು ಯಾವುದು? ಕುಪ್ಪಿಗಳನ್ನು ಚೆನ್ನಾಗಿ ಕುಲುಕಿ, ಅಲುಗಾಡದಂತೆ ಇಟ್ಟುಬಿಡಬೇಕು. ಕೋಶಗಳು ತಳಕ್ಕಿಳಿದು ಬಿದ್ದಲ್ಲೇ ಬೆಳೆಯುತ್ತವೆ. ಕೆಲವು ದಿನಗಳ ನಂತರ ತಳದಲ್ಲಿ ಒಂದೇ ಬಿಳಿ ಚುಕ್ಕೆ ಕಂಡರೆ ಅದು ಒಂದೇ ತಾಯಿಕೋಶದ ಸಂತಾನ. ಎರಡು ಚುಕ್ಕೆ ಕಂಡರೆ ಆ ಕುಪ್ಪಿ ಬೇಡ. ಎಷ್ಟು ಸರಳ, ಎಷ್ಟು ಸೊಗಸು! ಮುಂದೆ ರಾಬರ್ಟ್ ಕಾಕ್‌ನ ಜೆಲಾಟಿನ್ ವಿಧಾನವನ್ನೂ ಹ್ಯಾನ್ಸೆನ್ ಅಳವಡಿಸಿಕೊಂಡ. ತೆಳುಗಾಜಿನ ಮೇಲಿನ ಜೆಲಾಟಿನ್‌ನಲ್ಲಿ ಒಂಟಿ ಕೋಶವನ್ನು ಗುರುತು ಹಾಕಿಕೊಂಡು, ಅದು ಸಂಸಾರವಾಗಿ ಬೆಳೆಯುವುದನ್ನು ಕಣ್ಣಾರೆ ನೋಡುತ್ತಿದ್ದ.

ಹೀಗೆ ಒಂದು ಕೋಶದಿಂದ ಆರಂಭಿಸಿ, ಪುಟ್ಟ ಕುಪ್ಪಿಯಿಂದ ದೊಡ್ಡ ಪಾತ್ರೆಗೆ, ಅಲ್ಲಿಂದ ಕಾರ್ಖಾನೆಯ ತೊಟ್ಟಿಗೆ ಹೆಜ್ಜೆ ಹೆಜ್ಜೆಯಾಗಿ ಬೆಳೆಸಿದ ಯೀಸ್ಟನ್ನು 1883ರ ನವೆಂಬರ್ 12ರಂದು ಕಾರ್ಲ್ಸ್‌ಬರ್ಗಿನಲ್ಲಿ ಬಳಕೆಗೆ ತಂದರು. ಬಿಯರಿನ ಕಾಯಿಲೆ ಹೋಯಿತು. ಯಾಕೋಬ್ಸೆನ್ ತನ್ನ ಅಭಿಪ್ರಾಯ ಬದಲಿಸಿಕೊಂಡ. ಅಷ್ಟೇ ಅಲ್ಲ, ಪ್ರತಿಸ್ಪರ್ಧಿಗಳಿಗೂ ಆ ಶುದ್ಧ ಯೀಸ್ಟನ್ನು ಹಣ ಪಡೆಯದೆ ಹಂಚಿದ. ಹೆಪ್ಪು ಕೇಳಿ ಬಂದವರನ್ನು ನಮ್ಮ ಹಳ್ಳಿಗಳಲ್ಲಿ ಬರಿಗೈಲಿ ಕಳಿಸುವುದಿಲ್ಲವಲ್ಲ, ಹಾಗೆ.

ತಿದ್ದುಪಡಿಗೂ ತಿದ್ದುಪಡಿ

ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿರುತ್ತಿತ್ತು. ಆದರೆ ವಿಜ್ಞಾನದ ಕಥೆಗಳು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹ್ಯಾನ್ಸೆನ್ ವಿಧಾನ ಜರ್ಮನ್ ಮಾದರಿಯ ತಣ್ಣನೆ ಹುದುಗುವ ಬಿಯರಿಗೆ ಚೆನ್ನಾಗಿ ಒಗ್ಗಿತು. ಬ್ರಿಟನ್ನಿನಲ್ಲಿ ತಿಂಗಳುಗಟ್ಟಲೆ ಪೀಪಾಯಿಯಲ್ಲಿಟ್ಟು ಮಾಗಿಸುವ ಬಿಯರಿಗೆ ಒಂದೇ ಶುದ್ಧ ಯೀಸ್ಟ್ ಬಳಸಿದಾಗ ಅದರ ವಿಶಿಷ್ಟ ರುಚಿಯೇ ಬರಲಿಲ್ಲ. 1904ರಲ್ಲಿ ಕಾರ್ಲ್ಸ್‌ಬರ್ಗಿನವನೇ ಆದ ಕ್ಲಾಸೆನ್ ಕಾರಣ ಕಂಡುಹಿಡಿದ. ಆ ರುಚಿಯನ್ನು ಕೊಡುತ್ತಿದ್ದುದು ಪೀಪಾಯಿಯಲ್ಲಿ ನಿಧಾನವಾಗಿ ಬೆಳೆಯುವ ಇನ್ನೊಂದು ಯೀಸ್ಟ್. ಬ್ರಿಟನ್ನಿನ ಶಿಲೀಂಧ್ರ ಎಂಬರ್ಥದಲ್ಲಿ ಅದಕ್ಕೆ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. ಒಂದು ಕಡೆ ಕಾಯಿಲೆ ಎನಿಸುವ ಜೀವಿ ಇನ್ನೊಂದು ಕಡೆ ಬೇಕೇ ಬೇಕಾದ ಜೀವಿ.

ಗೇಲಿ ಮಾಡಿದ್ದ ಲೀಬಿಗ್ ಕೂಡ ಪೂರ್ತಿ ಸೋಲಲಿಲ್ಲ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟ್ ಕೋಶಗಳನ್ನು ಅರೆದು, ಹಿಂಡಿ ತೆಗೆದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದ. ಕೆಲಸ ಮಾಡುವುದು ಕೋಶದೊಳಗಿನ ರಾಸಾಯನಿಕ ವಸ್ತು, ಅಂದರೆ ಕಿಣ್ವ. 1907ರಲ್ಲಿ ಅವನಿಗೆ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂತು. ಇನ್ನೂ ಒಂದು ತಿರುವಿದೆ. ಹ್ಯಾನ್ಸೆನ್ ಶುದ್ಧವೆಂದು ಹೆಕ್ಕಿದ ಆ ಯೀಸ್ಟ್ ಎರಡು ಪ್ರಭೇದಗಳ ಮಿಶ್ರತಳಿ. ಅದರ ಒಂದು ಪೂರ್ವಜ ಎಲ್ಲರಿಗೂ ಪರಿಚಿತ ಬ್ರೆಡ್ ಯೀಸ್ಟ್. ಚಳಿ ತಾಳುವ ಇನ್ನೊಂದು ಪೂರ್ವಜ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡುಮರಗಳಲ್ಲಿ ಪತ್ತೆಯಾದ ವರದಿ ಬಂದದ್ದು 2011ರಲ್ಲಿ. ಶುದ್ಧವೆಂದರೆ ಬೆರಕೆಯಿಲ್ಲದ್ದು ಎಂದಲ್ಲ. ಏನೆಂದು ಗುರುತಿರುವಂಥದ್ದು ಎಂದರ್ಥ.

ತರಗತಿಯಲ್ಲಿ ಒಂದು ತಪ್ಪು

ಬ್ರಿಟನ್ನಿನಲ್ಲಿ 1963ರಲ್ಲಿ, ಅಮೆರಿಕದಲ್ಲಿ 1978ರ ಕಾನೂನಿನಿಂದ, ಮನೆಬಳಕೆಗೆ ಬಿಯರ್ ತಯಾರಿಸಲು ಇದ್ದ ಅಡ್ಡಿ ತೊಲಗಿ ಅದು ಹಲವರ ಹವ್ಯಾಸವಾಗಿದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಹಾಗೆ ಮಾಡುವುದು ಅಪರಾಧ, ಆ ಮಾತು ಬೇರೆ. ಆ ಹವ್ಯಾಸಿಗಳು ಅನುಭವದಿಂದ ಕಲಿತ ಒಂದು ಕ್ರಮ ನಮಗೂ ಉಪಯುಕ್ತ. ಹುದುಗು ನಿಂತುಹೋದರೆ ಅವರು ಗಾಬರಿಯಿಂದ ಚೆಲ್ಲುವುದಿಲ್ಲ. ಮೊದಲು ಸಾಂದ್ರತೆ ಅಳೆಯುತ್ತಾರೆ, ಉಷ್ಣತೆ ನೋಡುತ್ತಾರೆ. ಚಳಿಯಿಂದ ಮಲಗಿದ ಯೀಸ್ಟಾದರೆ ಬೆಚ್ಚಗೆ ಮಾಡಿದರೆ ಏಳುತ್ತದೆ. ಸತ್ತಿದ್ದರೆ ಹೊಸ ಯೀಸ್ಟ್ ಬೇಕು. ಬೇರೆ ಜೀವಿ ಸೇರಿ ಹುಳಿಯಾಗಿದ್ದರೆ ಮಾತ್ರ ಚೆಲ್ಲಿ, ಪಾತ್ರೆಯನ್ನು ಕ್ರಿಮಿರಹಿತ ಮಾಡಿ, ಮೊದಲಿನಿಂದ ಶುರುಮಾಡುತ್ತಾರೆ. ಯಾವ ತಪ್ಪು ತಿದ್ದಬಹುದಾದದ್ದು, ಯಾವುದು ತಿದ್ದಲಾಗದ್ದು ಎಂದು ಬೇರ್ಪಡಿಸುವುದೇ ಅಲ್ಲಿನ ಜಾಣತನ.

ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲಿ ಬಿಯರಿಲ್ಲದೆಯೇ ತೋರಿಸಬಹುದು. ಬೇಕರಿಯಲ್ಲಿ ಬಳಸುವ ಒಣ ಯೀಸ್ಟ್ ಒಂದು ಚಮಚ, ಸಕ್ಕರೆ ಎರಡು ಚಮಚ, ಒಂದು ಲೋಟ ನೀರು. ಇಂಥ ಮಿಶ್ರಣವನ್ನು ಮೂರು ಬಾಟಲಿಗಳಲ್ಲಿ ತೆಗೆದುಕೊಳ್ಳಿ. ಒಂದಕ್ಕೆ ಬೆಚ್ಚನೆಯ ನೀರು, ಸುಮಾರು 35 ಡಿಗ್ರಿ. ಇನ್ನೊಂದಕ್ಕೆ ಮಂಜುಗಡ್ಡೆಯಲ್ಲಿಟ್ಟ ನೀರು. ಮೂರನೆಯದಕ್ಕೆ ಯೀಸ್ಟನ್ನು ಕುದಿಯುವ ನೀರಿನಲ್ಲಿ ಕಲಸಿ, ನಂತರ ಆರಿಸಿ ತುಂಬಿ. ಬಿಸಿನೀರಿನ ಕೆಲಸವನ್ನು ನೀವೇ ಮಾಡಿ. ಮೂರರ ಬಾಯಿಗೂ ಬಲೂನು ಕಟ್ಟಿ. ಅರ್ಧ ಗಂಟೆಯಲ್ಲಿ ಮೊದಲನೆಯದರ ಬಲೂನು ಉಬ್ಬತೊಡಗುತ್ತದೆ, ಉಳಿದೆರಡು ಜೋತುಬಿದ್ದಿರುತ್ತವೆ. ಏಕೆಂದು ಹೇಳಬೇಡಿ. ಆ ಎರಡು ಬಾಟಲಿಗಳನ್ನು ಸರಿಪಡಿಸಿ ಎಂದು ಮಕ್ಕಳಿಗೆ ಒಪ್ಪಿಸಿ. ತಣ್ಣಗಿನದು ಬೆಚ್ಚನೆಯ ನೀರಿನಲ್ಲಿಟ್ಟರೆ ಎಚ್ಚರಗೊಳ್ಳುತ್ತದೆ. ಕುದಿನೀರು ಕಂಡದ್ದು ಏನು ಮಾಡಿದರೂ ಏಳುವುದಿಲ್ಲ, ಹೊಸ ಯೀಸ್ಟ್ ಹಾಕುವವರೆಗೆ. ಹೊರನೋಟಕ್ಕೆ ಒಂದೇ ಆಗಿದ್ದ ಎರಡು ಸೋಲುಗಳಿಗೆ ಎರಡು ಬೇರೆ ಕಾರಣಗಳಿದ್ದವೆಂದು ಅವರೇ ಕಂಡುಕೊಳ್ಳಲಿ.

ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕಗಳಲ್ಲಿ ತಪ್ಪು ಅಂಕಿಗಳು ಇರುವುದೇ ಇಲ್ಲ. ಎಲ್ಲವನ್ನೂ ರಬ್ಬರ್ ನುಂಗಿರುತ್ತದೆ. ಅಂಕ ಹೋಗುತ್ತದೆಂಬ ಭಯ ಮಕ್ಕಳದು. ಆ ಭಯ ಹುಟ್ಟಿಸಿದವರು ನಾವು. ಬೀಗೋ ಹುಳಿ ರಸವನ್ನು ಸುಮ್ಮನೆ ಚೆಲ್ಲಿಬಿಟ್ಟಿದ್ದರೆ, ಹ್ಯಾನ್ಸೆನ್ ಕೆಟ್ಟ ಯೀಸ್ಟನ್ನು ಎಸೆದು ಪಕ್ಕದ ಕಾರ್ಖಾನೆಯಿಂದ ಎರವಲು ತಂದಿದ್ದರೆ, ಆ ದಿನದ ಮಟ್ಟಿಗೆ ಕೆಲಸ ನಡೆದುಹೋಗುತ್ತಿತ್ತು. ಕಾರಣ ಮಾತ್ರ ಕತ್ತಲೆಯಲ್ಲೇ ಉಳಿಯುತ್ತಿತ್ತು. ಮುಂದಿನ ಸಲ ನಿಮ್ಮ ನಕ್ಷೆಯಲ್ಲಿ ಒಂದು ಬಿಂದು ರೇಖೆ ತಪ್ಪಿ ಕುಳಿತರೆ ಅದನ್ನು ಅಳಿಸಬೇಡಿ. ಪಕ್ಕದಲ್ಲಿ ಏನು ಮಾಡಿದಿರೆಂದು ಬರೆಯಿರಿ, ಮತ್ತೊಮ್ಮೆ ಅಳೆಯಿರಿ.